ಫ್ರೆಂಚ್ ಪ್ರೆಸ್‌ನಲ್ಲಿ ಕೊಪ್ಪದ ಕಾಫಿ

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೆ ಈಗ ಎರಡು ಪಾತ್ರೆಗಳಿವೆ. ಒಂದು, ಅಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದ ಹಿತ್ತಾಳೆಯ ಫಿಲ್ಟರ್. ಇನ್ನೊಂದು, ಮೂರು ವರ್ಷಗಳ ಹಿಂದೆ ದೀಪಾವಳಿಗೆ ಬಂದ ಅಕ್ಕನ ಮಗ ಬೆಂಗಳೂರಿನಿಂದ ತಂದುಕೊಟ್ಟ, 600 ಮಿ.ಲೀ. ನೀರು ಹಿಡಿಯುವ ಗಾಜಿನ ಫ್ರೆಂಚ್ ಪ್ರೆಸ್. "ಮಾವ, ಇದರಲ್ಲಿ ನಮ್ಮ ತೋಟದ ಕಾಫಿಯನ್ನು ಹಾಲಿಲ್ಲದೆ ಒಂದು ಸಲ ಮಾಡಿ ನೋಡಿ" ಎಂದು ಹೇಳಿ ಅವನು ರಜೆ ಮುಗಿಸಿಕೊಂಡು ಹೋದ. ಅವನ ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದಲ್ಲಿ ಮತ್ತು ಅನಂತರ ಕಲಿತದ್ದನ್ನು, ಶಿವಮೊಗ್ಗದ ನೀರು, ಮಲೆನಾಡಿನ ಮಳೆ, ನಮ್ಮ ಅಂಗಡಿಗಳಲ್ಲಿ ಸಿಗುವ ಪುಡಿ ಇವುಗಳ ಲೆಕ್ಕವಿಟ್ಟುಕೊಂಡು ಇಲ್ಲಿ ಬರೆದಿಡುತ್ತಿದ್ದೇನೆ.

ಪಾತ್ರೆಯ ರಚನೆ ಬಹಳ ಸರಳವಾದದ್ದು. ಉದ್ದನೆಯ ಗಾಜಿನ ಲೋಟದಂಥ ಪಾತ್ರೆ, ಅದಕ್ಕೊಂದು ಮುಚ್ಚಳ, ಮುಚ್ಚಳದ ನಡುವಿನ ತೂತಿನಿಂದ ಮೇಲೆ ಕೆಳಗೆ ಆಡುವ ಉಕ್ಕಿನ ಸರಳು, ಸರಳಿನ ತುದಿಗೆ ಪಾತ್ರೆಯ ಒಳಸುತ್ತಿಗೆ ಒತ್ತಿಕೊಂಡು ಕೂರುವ ಸಣ್ಣ ಕಣ್ಣಿನ ಜಾಲರಿ. ಪುಡಿ ಮತ್ತು ಬಿಸಿನೀರು ಒಟ್ಟಿಗೆ ನೆನೆದ ಮೇಲೆ ಜಾಲರಿಯನ್ನು ಕೆಳಕ್ಕೆ ಇಳಿಸಿದರೆ ಚರಟ ತಳದಲ್ಲಿ ಉಳಿಯುತ್ತದೆ, ಕಾಫಿ ಮೇಲಿನಿಂದ ಬಗ್ಗುತ್ತದೆ. ಹೆಸರಿನಲ್ಲಿ ಫ್ರೆಂಚ್ ಎಂದಿದ್ದರೂ ಇದರ ಇತಿಹಾಸದಲ್ಲಿ ಇಟಲಿಯವರ ಪಾಲು ದೊಡ್ಡದು. 1852ರಲ್ಲಿ ಪ್ಯಾರಿಸ್‌ನಲ್ಲಿ ಮಾಯೆರ್ ಮತ್ತು ದೆಲ್ಫೋರ್ಜ್ ಎಂಬ ಹೆಸರಿನ ಇಬ್ಬರು ಇಂಥದೊಂದು ಸಾಧನಕ್ಕೆ ಹಕ್ಕುಪತ್ರ (ಪೇಟೆಂಟ್) ಪಡೆದಿದ್ದರು. ಜಾಲರಿ ಪಾತ್ರೆಯ ಅಂಚಿಗೆ ಸರಿಯಾಗಿ ಕೂರುವ ವಿನ್ಯಾಸಕ್ಕೆ 1929ರಲ್ಲಿ ಮಿಲಾನಿನ ಕಲಿಮಾನಿ ಮತ್ತು ಮೊನೆಟಾ ಹಕ್ಕುಪತ್ರ ಪಡೆದರು. 1958ರಲ್ಲಿ ಫಲಿಯೆರೊ ಬೊಂಡಾನಿನಿ ಅದನ್ನು ಇನ್ನಷ್ಟು ತಿದ್ದಿದರು. ಇಂದು ಅಂಗಡಿಯಲ್ಲಿ ಸಿಗುವ ಪ್ರೆಸ್‌ಗಳೆಲ್ಲ ಬಹುಮಟ್ಟಿಗೆ ಆ ರೂಪದವೇ.

ಮೊದಲ ದಿನ ನಾನು ಮಾಡಿದ್ದು ಮನೆಯಲ್ಲಿದ್ದ ಫಿಲ್ಟರ್ ಪುಡಿಯಲ್ಲಿ. ನೂರಕ್ಕೆ ಮೂವತ್ತು ಪಾಲು ಚಿಕೋರಿ ಬೆರೆಸಿ, ನುಣ್ಣಗೆ ಬೀಸಿಸಿ ತಂದಿದ್ದ ಪುಡಿ ಅದು. ನೀರು ಸುರಿದು ನಾಲ್ಕು ನಿಮಿಷ ಬಿಟ್ಟು ಸರಳನ್ನು ಒತ್ತಿದಾಗ ಅದು ಅರ್ಧದಲ್ಲೇ ನಿಂತುಬಿಟ್ಟಿತು. ಬಲವಾಗಿ ಒತ್ತಿದ್ದರಿಂದ ಬಿಸಿ ಕಾಫಿ ಮೂತಿಯಿಂದ ಚಿಮ್ಮಿ ಕೈಮೇಲೆ ಬಿತ್ತು. ಲೋಟಕ್ಕೆ ಬಗ್ಗಿಸಿದ್ದಂತೂ ಕೆಸರು ನೀರಿನ ಹಾಗಿತ್ತು. ಸರಳು ಹೀಗೆ ಬಿಗಿಯಾದರೆ ಎಂದಿಗೂ ಬಲ ಹಾಕಬಾರದು, ಒಂದು ಬೆರಳಿನಷ್ಟು ಮೇಲಕ್ಕೆತ್ತಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಳಿಸಬೇಕು ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡುತ್ತೇನೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ.

ಆ ದಿನದ ಕಾಫಿ ಕೆಟ್ಟದ್ದಕ್ಕೆ ಕಾರಣ ಪಾತ್ರೆಯಲ್ಲ, ಪುಡಿ. ನಮ್ಮ ಫಿಲ್ಟರಿನಲ್ಲಿ ನೀರು ಪುಡಿಯ ದಪ್ಪ ಪದರವನ್ನು ಹಾದು ತೊಟ್ಟುತೊಟ್ಟಾಗಿ ಇಳಿಯುತ್ತದೆ. ಪುಡಿ ನುಣ್ಣಗಿದ್ದರೆ ನೀರು ನಿಧಾನವಾಗಿ ಇಳಿದು ಡಿಕಾಕ್ಷನ್ ಗಟ್ಟಿಯಾಗುತ್ತದೆ. ದಪ್ಪವಿದ್ದರೆ ಸರಸರನೆ ಇಳಿದು ಸಪ್ಪೆಯಾಗುತ್ತದೆ. ಚಿಕೋರಿ ನೀರಿನಲ್ಲಿ ಬೇಗ ಕರಗಿ ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಪ್ರೆಸ್‌ನಲ್ಲಿ ನಡೆಯುವುದು ಇದಕ್ಕೆ ಪೂರ್ತಿ ವಿರುದ್ಧವಾದ ಕೆಲಸ. ಅಲ್ಲಿ ಪುಡಿ ಇಡೀ ನೀರಿನಲ್ಲಿ ಮುಳುಗಿ ನೆನೆಯುತ್ತದೆ. ಕಾಲವನ್ನು ನಿರ್ಧರಿಸುವವರು ನಾವು, ಪುಡಿಯಲ್ಲ. ಆದ್ದರಿಂದ ನುಣ್ಣನೆಯ ಪುಡಿಯಿಂದ ಯಾವ ಲಾಭವೂ ಇಲ್ಲ. ಅದು ಜಾಲರಿಯ ಕಣ್ಣನ್ನು ಮುಚ್ಚುತ್ತದೆ, ಉಳಿದದ್ದು ಲೋಟಕ್ಕೆ ಇಳಿದು ಅಲ್ಲಿಯೂ ನೆನೆಯುತ್ತಲೇ ಇದ್ದು ಕೊನೆಯ ಗುಟುಕಿನ ಹೊತ್ತಿಗೆ ಕಹಿಯಾಗುತ್ತದೆ. ಹುರಿದ ಕಾಫಿ ಬೀಜದ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲು ನೀರಿಗೆ ಬಿಟ್ಟುಕೊಡಬಲ್ಲ ಅಂಶ. ಆದರೆ ರುಚಿ ಒಪ್ಪವಾಗಿರುವುದು ಅದರಲ್ಲಿ 18ರಿಂದ 22 ಪಾಲು ಮಾತ್ರ ನೀರಿಗಿಳಿದಾಗ ಎಂಬುದು ಕಾಫಿ ಬಲ್ಲವರು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಲೆಕ್ಕ. ಕಡಿಮೆಯಾದರೆ ಹುಳಿ ಮತ್ತು ಸಪ್ಪೆ, ಹೆಚ್ಚಾದರೆ ಕಹಿ ಮತ್ತು ಒಗರು.

ಶಿವಮೊಗ್ಗದಲ್ಲಿ ನಾವು ವರ್ಷಗಳಿಂದ ಪುಡಿ ತರುವ ಅಂಗಡಿಗೆ ಹೋಗಿ, ಚಿಕೋರಿ ಬೇಡ, ದಪ್ಪಗೆ ಬೀಸಿಕೊಡಿ ಎಂದೆ. "ಇಷ್ಟು ದಪ್ಪ ಮಾಡಿದರೆ ಡಿಕಾಕ್ಷನ್ ಇಳಿಯೋದೇ ಇಲ್ಲ ಸಾರ್, ಆಮೇಲೆ ನಮ್ಮ ಪುಡಿ ಸರಿಯಿಲ್ಲ ಅಂತೀರಿ" ಎಂದು ಅವರು ಕಾಳಜಿಯಿಂದಲೇ ಹೇಳಿದರು. ಎಷ್ಟು ದಪ್ಪ ಎಂಬುದನ್ನು ತಿಳಿಸಲು ನನಗೆ ಸಿಕ್ಕ ಒಳ್ಳೆಯ ಅಳತೆ ರವೆ. ಫಿಲ್ಟರಿನ ಪುಡಿ ಚಿರೋಟಿ ರವೆಗಿಂತ ತುಸು ನುಣ್ಣಗಿರುತ್ತದೆ. ಪ್ರೆಸ್‌ನ ಪುಡಿ ಇಡ್ಲಿ ರವೆಯ ಹಾಗೆ ಬೆರಳಿಗೆ ಬಿಡಿಬಿಡಿಯಾಗಿ ಸಿಗಬೇಕು. ಹಾಗೆ ಹೇಳಿದ ಮೇಲೆ ಅಂಗಡಿಯವರು ಯಂತ್ರದ ಕಲ್ಲನ್ನು ಸಡಿಲಿಸಿ ಸರಿಯಾಗಿ ಬೀಸಿಕೊಟ್ಟರು. ಮನೆಯ ಮಿಕ್ಸಿಯಲ್ಲಿ ಇದು ಆಗದ ಕೆಲಸ, ಏಕೆಂದರೆ ಮಿಕ್ಸಿಯ ಅಲಗು ಬೀಜವನ್ನು ಬೀಸುವುದಿಲ್ಲ, ಒಡೆಯುತ್ತದೆ. ಅದರಿಂದ ಒಂದೇ ಜಾರಿನಲ್ಲಿ ನುಚ್ಚಿನಂಥ ಚೂರೂ ಹಿಟ್ಟಿನಂಥ ಹುಡಿಯೂ ಸೇರಿಕೊಳ್ಳುತ್ತವೆ. ಈಗ ನನ್ನಲ್ಲಿ ಕೈಯಿಂದ ತಿರುಗಿಸುವ ಸಣ್ಣ ಗ್ರೈಂಡರ್ ಇದೆ. 30 ಗ್ರಾಂ ಬೀಸಲು ಎರಡು ನಿಮಿಷ ಸಾಕು.

ಗ್ರೈಂಡರ್ ಕೊಳ್ಳುವ ಮೊದಲು ನಾನು ಕಂಡುಕೊಂಡಿದ್ದ ಒಂದು ಉಪಾಯವನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದಕ್ಕೆ ಕಾಸಿನ ಖರ್ಚೂ ಇಲ್ಲ. ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿದ ಪುಡಿಯನ್ನು ಅಡುಗೆಮನೆಯ ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಿದರೆ ನುಣ್ಣನೆಯ ಹುಡಿ ಕೆಳಗಿಳಿಯುತ್ತದೆ, ದಪ್ಪ ಪುಡಿ ಮೇಲುಳಿಯುತ್ತದೆ. ಮೇಲಿನದು ಪ್ರೆಸ್‌ಗೆ, ಕೆಳಗಿನದು ಅಮ್ಮನ ಹಿತ್ತಾಳೆ ಫಿಲ್ಟರಿಗೆ. ಒಂದೇ ಬೀಜದ ಎರಡು ಪುಡಿಗಳು ಎರಡು ಪಾತ್ರೆಗಳಲ್ಲಿ ಒಂದೇ ಬೆಳಗ್ಗೆ ಎರಡು ಬಗೆಯ ಕಾಫಿಯಾಗುವುದನ್ನು ಕುಡಿದು ನೋಡಿದಾಗ, ಕಾಫಿ ಎಂಬುದು ಬೀಜದಷ್ಟೇ ನೀರಿನ ಮತ್ತು ಹೊತ್ತಿನ ಕೆಲಸವೂ ಹೌದು ಎಂಬುದು ನನಗೆ ಮೊದಲ ಸಲ ಮನದಟ್ಟಾಯಿತು.

ಬೀಜ ಬರುವುದು ಕೊಪ್ಪದ ಬಳಿಯ ಭಾವನ ತೋಟದಿಂದ. ಅದು ಅಮ್ಮನ ತವರೂ ಹೌದು. ಅಕ್ಕನನ್ನು ಕೊಟ್ಟಿದ್ದು ಸೋದರಮಾವನ ಮಗನಿಗೇ. ಅಲ್ಲಿ ಹಲಸು ಮತ್ತು ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ, ಮೆಣಸಿನ ಬಳ್ಳಿಗಳ ನಡುವೆ ಬೆಳೆಯುವ ಅರೇಬಿಕಾ ಜಾತಿಯ ಕಾಫಿಯಲ್ಲಿ ಹೆಚ್ಚಿನ ಗಿಡಗಳು ಎಸ್ 795 ಎಂಬ ತಳಿಯವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಎಲೆ ತುಕ್ಕು ರೋಗದಿಂದ ಹಳೆಯ ತೋಟಗಳು ನೆಲಕಚ್ಚಿದ್ದ ನೆನಪು ಇನ್ನೂ ಹಸಿಯಾಗಿದ್ದ ದಿನಗಳವು. ಆ ರೋಗವನ್ನು ತಾಳಬಲ್ಲ ಎಸ್ 288 ಎಂಬ ತಳಿಯನ್ನು ಕೆಂಟ್ ಎಂಬ ಒಳ್ಳೆಯ ರುಚಿಯ ತಳಿಯೊಂದಿಗೆ ಕೂಡಿಸಿ ಅಲ್ಲಿ ಎಸ್ 795 ಅನ್ನು ರೂಪಿಸಿದರು. 1940ರ ದಶಕದಲ್ಲಿ ಅದು ಬೆಳೆಗಾರರ ಕೈಗೆ ಬಂತು. ಕೊಪ್ಪದಿಂದ ಬಾಳೆಹೊನ್ನೂರು ದೂರವಿಲ್ಲ. ಅಜ್ಜ ಅಲ್ಲಿಂದಲೇ ಬೀಜ ತಂದು ಸಸಿಮಡಿ ಮಾಡಿದ್ದರೆಂದು ಅಮ್ಮ ಹೇಳುತ್ತಾರೆ.

ಆದರೆ ಆ ತೋಟದ ಒಳ್ಳೆಯ ಕಾಫಿಯನ್ನು ಆ ಮನೆಯವರೇ ಕುಡಿದದ್ದು ಕಡಿಮೆ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್ ಎಂಬ ಒಟ್ಟು ಸಂಗ್ರಹಕ್ಕೆ ಒಪ್ಪಿಸಬೇಕಿತ್ತು. ಮನೆಯ ಬಳಕೆಗೆ ಮಿತವಾಗಿ ಉಳಿಸಿಕೊಳ್ಳಲು ಮಾತ್ರ ಅವಕಾಶವಿತ್ತು. ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಪೂರ್ತಿಯಾಗಿ ಮಾರಿಕೊಳ್ಳಬಹುದೆಂದಾದದ್ದು 1996ರಲ್ಲಿ. ಹಣ್ಣು ಕುಯ್ದು, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್, ಅಂದರೆ ಒಳಹೊಟ್ಟು ಇನ್ನೂ ಇರುವ ಬೀಜ, ಮೂಟೆಗಳಾಗಿ ಹೊಟ್ಟು ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತಿತ್ತು. ಮನೆಗೆ ಉಳಿಯುತ್ತಿದ್ದದ್ದು ನೀರಿನಲ್ಲಿ ತೇಲಿದ ಹಣ್ಣು, ಕೊನೆಯ ಸುತ್ತಿನಲ್ಲಿ ಗಿಡದಡಿಯಿಂದ ಹೆಕ್ಕಿದ ಬೀಜ, ಒಡೆದ ಚೂರು. ಅದನ್ನು ಕಬ್ಬಿಣದ ಬಾಣಲೆಯಲ್ಲಿ ಹೊಗೆಯೇಳುವವರೆಗೆ ಹುರಿದು ಕಪ್ಪಾಗಿಸಿ ಪುಡಿ ಮಾಡಿದರೆ, ಹಾಲು ಸಕ್ಕರೆ ಸೇರಿದ ಮೇಲೆ ಬೀಜದ ದೋಷವೊಂದೂ ತಿಳಿಯುತ್ತಿರಲಿಲ್ಲ. ಕಾಫಿಯನ್ನು ಕಪ್ಪಗೆ ಹುರಿಯುವ ಅಭ್ಯಾಸ ನಮ್ಮ ಕಡೆಯ ಮನೆಗಳಲ್ಲಿ ಗಟ್ಟಿಯಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ. ತೊಳೆದು ಒಣಗಿಸಿದ ಮೊದಲ ದರ್ಜೆಯ ಬೀಜವನ್ನೂ ಹಾಗೆಯೇ ಹುರಿದರೆ ಅದರಲ್ಲಿದ್ದ ವಿಶೇಷವೆಲ್ಲ ಸುಟ್ಟುಹೋಗಿ, ಸುಟ್ಟ ರುಚಿಯೊಂದೇ ಉಳಿಯುತ್ತದೆ.

ಆದ್ದರಿಂದ ಪ್ರೆಸ್‌ನ ಕಾಫಿಗೆ ಹುರಿಯುವ ಕ್ರಮವನ್ನು ನಾನು ಬದಲಿಸಿಕೊಳ್ಳಬೇಕಾಯಿತು. ದಪ್ಪ ತಳದ ಬಾಣಲೆಯಲ್ಲಿ 200 ಗ್ರಾಂ ಹಸಿ ಬೀಜ ಹಾಕಿ, ಮಧ್ಯಮ ಉರಿಯಲ್ಲಿ ಸೌಟು ನಿಲ್ಲಿಸದೆ ಆಡಿಸುತ್ತಿದ್ದರೆ ಹಸಿರು ಬಣ್ಣ ಹಳದಿಗೆ ತಿರುಗಿ, ಹಳದಿಯಿಂದ ದಾಲ್ಚಿನ್ನಿಯ ಬಣ್ಣಕ್ಕೆ ಬರುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಬೀಜಗಳು ಹುರಿಗಡಲೆ ಸಿಡಿದಂತೆ ಚಟಚಟನೆ ಸದ್ದು ಮಾಡತೊಡಗುತ್ತವೆ. ಈ ಮೊದಲ ಸಿಡಿತ ನಿಂತು ಒಂದು ನಿಮಿಷದೊಳಗೆ ಇಳಿಸಿಬಿಡಬೇಕು. ಇನ್ನೂ ಬಿಟ್ಟರೆ ಸಣ್ಣ ದನಿಯ ಎರಡನೆಯ ಸಿಡಿತ ಶುರುವಾಗಿ ಬೀಜದ ಮೇಲೆ ಎಣ್ಣೆ ಒಸರುತ್ತದೆ; ಅದು ಹಾಲಿನ ಕಾಫಿಗೆ ಸರಿ, ಪ್ರೆಸ್‌ಗೆ ಬೇಡ. ಇಳಿಸಿದ ಕೂಡಲೇ ಮೊರದಲ್ಲಿ ಹರಡಿ ಗಾಳಿ ಹಾಕಿ ಆರಿಸಬೇಕು, ಇಲ್ಲವಾದರೆ ಬೀಜ ತನ್ನದೇ ಬಿಸಿಯಲ್ಲಿ ಇನ್ನೂ ಹುರಿಯುತ್ತ ಹೋಗುತ್ತದೆ. ಮೊರದಲ್ಲಿ ಕೇರಿದಾಗ ಬೀಜಕ್ಕಂಟಿದ ತೆಳುವಾದ ಬೆಳ್ಳಿಸಿಪ್ಪೆಯೂ ಹಾರಿಹೋಗುತ್ತದೆ. ಹೀಗೆ ಹುರಿದ 200 ಗ್ರಾಂ ಬೀಜ ಸುಮಾರು 170 ಗ್ರಾಂಗೆ ಇಳಿದಿರುತ್ತದೆ. ಅಂದೇ ಬೀಸಿ ಕುಡಿಯದೆ ನಾಲ್ಕು ದಿನ ಬಿಟ್ಟರೆ ರುಚಿ ನೆಲೆಗೊಳ್ಳುತ್ತದೆ, ಮೂರು ವಾರ ದಾಟಿದರೆ ಮಂಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಉಪ್ಪಿನ ಜಾಡಿಯಲ್ಲಿ ನೀರೂರುವ, ಬೆಂಕಿಪೊಟ್ಟಣದ ಕಡ್ಡಿ ಹತ್ತದ ನಮ್ಮ ಮಳೆಗಾಲದಲ್ಲಿ ಈ ಮೂರು ವಾರವೂ ಹೆಚ್ಚೇ. ಆಗ ನೂರು ಗ್ರಾಂನಂತೆ ಹುರಿದು, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಬೀಜವಾಗಿಯೇ ಇಟ್ಟು, ಆಯಾ ದಿನಕ್ಕೆ ಬೇಕಾದಷ್ಟನ್ನೇ ಬೀಸಿಕೊಳ್ಳುತ್ತೇನೆ. ಪುಡಿ ಮಾಡಿಟ್ಟರೆ ಎರಡೇ ದಿನಕ್ಕೆ ತೇವ ಹೀರಿ ಗಂಟುಕಟ್ಟುತ್ತದೆ.

ನೀರಿನ ವಿಷಯದಲ್ಲಿ ಶಿವಮೊಗ್ಗದವರು ಭಾಗ್ಯವಂತರು. "ತುಂಗಾ ಪಾನ, ಗಂಗಾ ಸ್ನಾನ" ಎಂದು ಹಿರಿಯರು ಹೇಳಿದ್ದು ಕಾಫಿಗೂ ಸಲ್ಲುತ್ತದೆ. ನಲ್ಲಿಯಲ್ಲಿ ಬರುವ ತುಂಗೆಯ ನೀರಿನಲ್ಲಿಯೂ ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಒಂದೇ ಪುಡಿಯನ್ನು ಒಂದೇ ಅಳತೆಯಲ್ಲಿ ಹಾಕಿ ನೋಡಿದೆ. ಕೊಳವೆಬಾವಿಯ ನೀರಿನ ಕಾಫಿಯಲ್ಲಿ ಹಣ್ಣಿನಂಥ ತಿಳಿಹುಳಿ ಪೂರ್ತಿ ಅಡಗಿಹೋಗಿ ಸೀಮೆಸುಣ್ಣದಂಥ ಸಪ್ಪೆತನ ಬಂದಿತ್ತು. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಕಾಫಿಯ ಹುಳಿಯನ್ನು ತಣಿಸಿಬಿಡುತ್ತದೆ ಎಂಬುದು ಇದಕ್ಕೆ ಕಾರಣ. ಇನ್ನು ಬಿಸಿಯ ಮಾತು. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿ ಇಳಿಯುತ್ತದೆ. 570 ಮೀಟರ್ ಆಸುಪಾಸಿನಲ್ಲಿರುವ ಶಿವಮೊಗ್ಗದಲ್ಲಿ ಕುದಿಯುವ ನೀರು 98 ಡಿಗ್ರಿಯಷ್ಟೇ ಇರುವುದರಿಂದ, ಮಧ್ಯಮವಾಗಿ ಹುರಿದ ಪುಡಿಗೆ ಕುದಿ ನಿಂತು ಅರ್ಧ ನಿಮಿಷಕ್ಕೆ ಸುರಿದರೆ ಸಾಕು. ಕಪ್ಪಗೆ ಹುರಿದಿದ್ದರೆ ಎರಡು ನಿಮಿಷ ಆರಲು ಬಿಡಬೇಕು. ಗಾಜಿನ ಪಾತ್ರೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆದುಕೊಳ್ಳುವುದನ್ನು ಮಾತ್ರ ಬಿಡಬಾರದು. ಜನವರಿಯ ಮುಂಜಾನೆ ತಣ್ಣನೆಯ ಗಾಜಿಗೆ ಕುದಿನೀರು ಬಿದ್ದರೆ ಬಿಸಿ ಇಳಿಯುವುದಷ್ಟೇ ಅಲ್ಲ, ಗಾಜು ಸೀಳಲೂಬಹುದು.

ಈಗ ಮಾಡುವ ಕ್ರಮಕ್ಕೆ ಬರುತ್ತೇನೆ. 30 ಗ್ರಾಂ ಪುಡಿಗೆ 450 ಮಿ.ಲೀ. ನೀರು, ಅಂದರೆ ಒಂದಕ್ಕೆ ಹದಿನೈದು. ಚಮಚದ ಲೆಕ್ಕ ನಂಬುವಂಥದ್ದಲ್ಲ, ಏಕೆಂದರೆ ಹುರಿದ ಹದಕ್ಕೆ ತಕ್ಕಂತೆ ಒಂದೇ ಚಮಚದ ತೂಕ ಬದಲಾಗುತ್ತದೆ. ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಅದನ್ನೇ ಬಳಸಬೇಕು. ಬಿಸಿಯಾದ ಪಾತ್ರೆಗೆ ಪುಡಿ ಹಾಕಿ, ಅದು ನೆನೆಯುವಷ್ಟೇ, ಸುಮಾರು ಅರ್ಧ ಲೋಟದಷ್ಟು, ನೀರು ಮೊದಲು ಸುರಿಯುತ್ತೇನೆ. ಬೀಜ ಹೊಸದಾಗಿದ್ದರೆ ಪುಡಿ ಹುಳಿಬಂದ ದೋಸೆಹಿಟ್ಟಿನ ಹಾಗೆ ಉಬ್ಬಿ ಗುಳ್ಳೆಯೇಳುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬರುವ ಬಗೆ ಅದು. ಉಬ್ಬದೆ ಸುಮ್ಮನೆ ಕುಸಿದರೆ ಪುಡಿ ಹಳತಾಗಿದೆ ಎಂದರ್ಥ. ಅರ್ಧ ನಿಮಿಷ ಬಿಟ್ಟು ಉಳಿದ ನೀರನ್ನು ಸುತ್ತಲೂ ಬೀಳುವಂತೆ ಸುರಿದು, ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, ನಾಲ್ಕು ನಿಮಿಷ ಮುಟ್ಟುವುದಿಲ್ಲ.

ಹೆಚ್ಚಿನವರು ನಾಲ್ಕು ನಿಮಿಷಕ್ಕೆ ಸರಿಯಾಗಿ ಸರಳನ್ನು ತಳದವರೆಗೆ ಒತ್ತಿ ಬಗ್ಗಿಸಿಕೊಳ್ಳುತ್ತಾರೆ. ಮೊದಲ ವರ್ಷ ನಾನೂ ಹಾಗೆಯೇ ಮಾಡುತ್ತಿದ್ದೆ, ಪ್ರತಿಸಲವೂ ಲೋಟದ ಅಡಿಯಲ್ಲಿ ಗಸಿ ಇರುತ್ತಿತ್ತು. ಕಾಫಿ ತಯಾರಕರ ಸ್ಪರ್ಧೆಯಲ್ಲಿ 2007ರ ವಿಶ್ವ ಬರಿಸ್ತಾ ಚಾಂಪಿಯನ್ ಆದ ಜೇಮ್ಸ್ ಹಾಫ್‌ಮನ್ ಹೇಳಿಕೊಡುವ ಕ್ರಮವನ್ನು ತಿಳಿದ ಮೇಲೆ ನನ್ನ ಕಾಫಿ ಬೇರೆಯೇ ಆಯಿತು. ನಾಲ್ಕು ನಿಮಿಷದ ಹೊತ್ತಿಗೆ ಪುಡಿಯೆಲ್ಲ ಮೇಲೆ ತೇಲಿ ಕೆನೆಗಟ್ಟಿದಂತೆ ನಿಂತಿರುತ್ತದೆ. ಮುಚ್ಚಳ ತೆಗೆದು ಮರದ ಚಮಚದಿಂದ ಆ ಪದರವನ್ನು ಮೆಲ್ಲಗೆ ಒಡೆದರೆ ಪುಡಿ ತಾನಾಗಿಯೇ ತಳಕ್ಕಿಳಿಯುತ್ತದೆ. ಮೇಲುಳಿದ ನೊರೆಯನ್ನೂ ಚೂರುಗಳನ್ನೂ ಎರಡು ಚಮಚಗಳಿಂದ ತೆಗೆದುಹಾಕಿ, ಮತ್ತೆ ಐದು ನಿಮಿಷ ಕಾಯಬೇಕು. ಆಮೇಲೆ ಜಾಲರಿಯನ್ನು ತಳಕ್ಕೆ ಒತ್ತದೆ ಕಾಫಿಯ ಮೇಲ್ಮೈ ಮುಟ್ಟುವಷ್ಟೇ ಇಳಿಸಿ, ಪಾತ್ರೆಯನ್ನು ಅಲುಗಿಸದೆ ಬಗ್ಗಿಸಿಕೊಳ್ಳಬೇಕು. ಒತ್ತುವುದೇ ಹೆಸರಾಗಿರುವ ಪಾತ್ರೆಯಲ್ಲಿ ಒತ್ತದಿರುವುದು ವಿಚಿತ್ರವೆನಿಸಬಹುದು. ಆದರೆ ತಳಕ್ಕೆ ಕೂತ ಹುಡಿಯನ್ನು ಕದಡುವುದೇ ಆ ಒತ್ತಡ. ಕಾಫಿ ರುಚಿ ಪರೀಕ್ಷಕರು ಬಟ್ಟಲಿನಲ್ಲಿ ಪುಡಿಗೆ ನೀರು ಹಾಕಿ, ನಾಲ್ಕು ನಿಮಿಷಕ್ಕೆ ಮೇಲಿನ ಪದರ ಒಡೆದು, ಮೂಗನ್ನು ಹತ್ತಿರ ತಂದು ಪರಿಮಳ ನೋಡುವ ಪದ್ಧತಿಗೆ ಇದು ಬಹಳ ಹತ್ತಿರವಾದದ್ದು. ಆ ಪದರ ಒಡೆಯುವ ಕ್ಷಣದಲ್ಲಿ ಏಳುವ ಪರಿಮಳಕ್ಕಾಗಿಯೇ ನಾನು ಬೆಳಿಗ್ಗೆ ಬೇಗ ಏಳುತ್ತೇನೆಂದರೂ ಅತಿಶಯವಲ್ಲ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ 450ರಲ್ಲಿ 390 ಮಿ.ಲೀ. ಕಾಫಿ ಸಿಗಬೇಕು, ಕೊನೆಯ ಒಂದು ಬೆರಳಿನಷ್ಟನ್ನು ಪಾತ್ರೆಯಲ್ಲೇ ಬಿಟ್ಟರೆ ಮೂರು ಸಣ್ಣ ಲೋಟ. ಬಗ್ಗಿಸದೆ ಅಲ್ಲೇ ಬಿಟ್ಟ ಕಾಫಿ ಚರಟದ ಜೊತೆಗಿದ್ದು ಕಹಿಯಾಗುತ್ತದೆ, ಆದ್ದರಿಂದ ಕುಡಿಯುವುದು ತಡವಾದರೆ ಫ್ಲಾಸ್ಕಿಗೆ ಹಾಕಿಡಬೇಕು.

ಈ ಕ್ರಮದಲ್ಲಿ ಮಾಡಿದ ಎಸ್ 795 ಕಾಫಿಯನ್ನು ಮೊದಲ ಸಲ ಕುಡಿದಾಗ ನನಗೆ ಸಿಕ್ಕಿದ್ದು ಕಿತ್ತಳೆಯ ಸಿಪ್ಪೆಯಂಥ ಪರಿಮಳ, ತೆಳುವಾದ ಹುಳಿ, ನುಂಗಿದ ಮೇಲೆ ಬಹಳ ಹೊತ್ತು ನಾಲಿಗೆಯ ಮೇಲುಳಿಯುವ ಬೆಲ್ಲದ ಪಾಕದಂಥ ಸಿಹಿ. ಸಕ್ಕರೆ ಹಾಕಿರಲಿಲ್ಲ. ಮೂವತ್ತು ವರ್ಷ ಕುಡಿದ ಕಾಫಿಯಲ್ಲಿ ಇದರ ಸುಳಿವೇ ಇರಲಿಲ್ಲವಲ್ಲ ಎಂದು ಭಾವನಿಗೆ ಅಂದೇ ಫೋನ್ ಮಾಡಿ ಹೇಳಿದೆ. ಐವತ್ತು ಕೊಯ್ಲುಗಳನ್ನು ಕಂಡ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಯಲ್ಲಿ ಹಾಗೆ ಯಾರೂ ಕುಡಿದಿಲ್ಲ ಕಣೋ" ಎಂದರು. ಮುಂದಿನ ಸಲ ಹೋದಾಗ ಪ್ರೆಸ್ಸನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಅವರ ಜಗಲಿಯಲ್ಲಿಯೇ ಮಾಡಿಕೊಟ್ಟೆ. ಅವರದೇ ಕಣದಲ್ಲಿ ಒಣಗಿದ ಬೀಜದ ಕಾಫಿಯನ್ನು ಅವರು ಎರಡು ಲೋಟ ಕುಡಿದರು. ಅದಾದ ಮೇಲೆ ಕುಯ್ಲಿನಲ್ಲಿ ಹಣ್ಣಾದದ್ದನ್ನೇ ಆರಿಸಿದ ಒಂದು ಮೂಟೆಯನ್ನು ಮನೆಗೆಂದು ಬೇರೆ ಇಡತೊಡಗಿದ್ದಾರೆ. ನನಗೆ ಈ ಪಾತ್ರೆ ಮಾಡಿಕೊಟ್ಟ ಅತಿ ದೊಡ್ಡ ಉಪಕಾರ ಅದು.

ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ತೋಟದ ನಡುವೆ ಬೆಳೆಯುವ ರೋಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿಯನ್ನೂ ಪ್ರೆಸ್‌ನಲ್ಲಿ ನೋಡಿದ್ದೇನೆ. ಅರೇಬಿಕಾದಲ್ಲಿ ನೂರಕ್ಕೆ ಸುಮಾರು 1.2ರಷ್ಟಿರುವ ಕೆಫೀನ್ ರೋಬಸ್ಟಾದಲ್ಲಿ 2ಕ್ಕಿಂತ ಮೇಲಿರುತ್ತದೆ. ಕಹಿಯೂ ಮಂದವೂ ಹೆಚ್ಚು. ಬರೀ ರೋಬಸ್ಟಾವನ್ನು ಹಾಲಿಲ್ಲದೆ ಕುಡಿಯುವುದು ನನಗೆ ಸೇರಲಿಲ್ಲ. ಹಾಲು ಹಾಕುವ ದಿನ ಐದರಲ್ಲಿ ಒಂದು ಪಾಲು ಬೆರೆಸಿದರೆ ಚಿಕೋರಿಯ ಅಗತ್ಯವೇ ಬೀಳುವುದಿಲ್ಲ.

ಹಾಲಿನ ಕಾಫಿಗೆ ಮೇಲಿನ ಅಳತೆ ಸಾಲದು ಎಂಬುದನ್ನು ಸೇರಿಸಬೇಕು. ಅದು ಹಾಗೆಯೇ ಕುಡಿಯುವ ಹದ. ಅದಕ್ಕೆ ಹಾಲು ಸುರಿದರೆ ಕಾಫಿಯೂ ಅಲ್ಲ, ಹಾಲೂ ಅಲ್ಲ. 40 ಗ್ರಾಂ ಪುಡಿಗೆ 300 ಮಿ.ಲೀ. ನೀರು ಹಾಕಿ, ಪದರ ಒಡೆಯುವ ಮೊದಲು ಆರು ನಿಮಿಷ ಬಿಟ್ಟು, ಬಂದದ್ದಕ್ಕೆ ಸಮನಾಗಿ ಕಾಯಿಸಿದ ಗಟ್ಟಿಹಾಲು ಸೇರಿಸಿದರೆ ನಮ್ಮ ಮನೆಯ ಎಲ್ಲರೂ ಒಪ್ಪುವ ಕಾಫಿಯಾಗುತ್ತದೆ. ಆದರೂ ಫಿಲ್ಟರಿನಿಂದ ಹನಿಹನಿಯಾಗಿ ಇಳಿದ ಡಿಕಾಕ್ಷನ್ನಿನ ಗಟ್ಟಿತನ ಇದಕ್ಕೆ ಬರುವುದಿಲ್ಲ. ಹಾಲಿನ ಕಾಫಿಗೆ ಹಿತ್ತಾಳೆ ಫಿಲ್ಟರನ್ನು ಮೀರಿಸುವ ಪಾತ್ರೆ ಇಲ್ಲವೆಂಬುದೇ ನನ್ನ ಅಭಿಪ್ರಾಯ. ಅದಕ್ಕಾಗಿಯೇ ಎರಡೂ ನಮ್ಮಲ್ಲಿ ಉಳಿದಿವೆ.

ಅಮ್ಮನಿಗೆ ಮೊದಲ ದಿನ ಕರಿ ಕಾಫಿ ಕೊಟ್ಟಾಗ, "ಎಂಥದೋ ಮಾರಾಯ ಇದು, ಕಷಾಯ ಕುಡಿದ ಹಾಗಾಯ್ತಲ್ಲ" ಎಂದು ಲೋಟ ಕೆಳಗಿಟ್ಟರು. ಕೆಲವು ದಿನಗಳ ನಂತರ ಅವರೇ ಜೋನಿಬೆಲ್ಲದ ಡಬ್ಬ ತಂದು, ಒಂದು ಚಮಚ ಬೆಲ್ಲವನ್ನು ಪ್ರೆಸ್‌ನ ಕಾಫಿಗೆ ಹಾಕಿ ಕಲಸಿ ಕುಡಿದು, ಇದು ತಮಗೆ ಗೊತ್ತಿರುವ ಕಾಫಿಯೇ ಎಂದರು. ತವರಿನಲ್ಲಿ ಆಷಾಢದ ಮಳೆಗೆ ಕೊಟ್ಟಿಗೆಯ ಹಸುಗಳೆಲ್ಲ ಹಾಲು ಬತ್ತಿಸಿಕೊಂಡಾಗ ಮನೆಯವರೆಲ್ಲ ಕುಡಿಯುತ್ತಿದ್ದದ್ದು, ತೋಟದ ಆಳುಗಳಿಗೆ ದೊಡ್ಡ ಪಾತ್ರೆಯಲ್ಲಿ ಕಾಯಿಸಿ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದದ್ದು ಇದೇ ಬೆಲ್ಲದ ಕಾಫಿ. ಪುಡಿಯನ್ನು ನೀರಿನಲ್ಲಿ ನೆನೆಸಿ, ಕೂರಲು ಬಿಟ್ಟು, ತಿಳಿಯನ್ನು ಬಗ್ಗಿಸಿಕೊಳ್ಳುವ ಈ ಪದ್ಧತಿಯನ್ನು ನಾನು ಹೊಸದೆಂದುಕೊಂಡಿದ್ದೆ. ಅಮ್ಮನ ಪ್ರಕಾರ ಅಜ್ಜಿ ತಣ್ಣೀರು ಚಿಮುಕಿಸಿ ಚರಟವನ್ನು ತಳಕ್ಕೆ ಕೂರಿಸುತ್ತಿದ್ದರು. ಜಾಲರಿಯೊಂದು ಇರಲಿಲ್ಲ, ಅಷ್ಟೇ.

ಆರೋಗ್ಯದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಲೋಹದ ಜಾಲರಿ ಪುಡಿಯನ್ನು ತಡೆಯುತ್ತದೆಯೇ ಹೊರತು ಕಾಫಿಯ ಎಣ್ಣೆಯನ್ನು ತಡೆಯುವುದಿಲ್ಲ. ಆ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ರಕ್ತದ ಕೊಲೆಸ್ಟ್ರಾಲನ್ನು ಏರಿಸುತ್ತದೆಂದು 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿದುಬಿಡುತ್ತದೆ. ನನ್ನ ಹೆಂಡತಿಗೆ ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚಿರುವುದರಿಂದ ಅವಳ ಪಾಲನ್ನು ಕಾಗದದಲ್ಲಿ ಮತ್ತೊಮ್ಮೆ ಸೋಸಿ ಕೊಡುತ್ತೇನೆ. ಮಂದ ಕಡಿಮೆಯಾದರೂ ಪರಿಮಳ ಉಳಿಯುತ್ತದೆ. ನಾನು ದಿನಕ್ಕೆ ಒಂದೇ ಲೋಟಕ್ಕೆ ನಿಲ್ಲಿಸುತ್ತೇನೆ.

ಅದೇ ಎಣ್ಣೆ ಜಾಲರಿಯ ಸಂದಿನಲ್ಲಿ ಕೂತರೆ ನಾಲ್ಕು ದಿನದಲ್ಲಿ ಕಮಟು ವಾಸನೆ ಬರುತ್ತದೆ. ಪ್ರತಿದಿನ ಸರಳಿನ ತಿರುಪು ಬಿಚ್ಚಿ, ಜಾಲರಿ ಮತ್ತು ಬಿಲ್ಲೆಗಳನ್ನು ಬೇರೆಬೇರೆಯಾಗಿ ತೊಳೆದು ಒಣಗಿಸಬೇಕು. ಪರಿಮಳದ ಸಾಬೂನು ಹಾಕಿದರೆ ಮರುದಿನದ ಕಾಫಿಯಲ್ಲಿ ಅದೇ ಪರಿಮಳ. ಅಂಟುವಾಳದ ನೀರಿನಲ್ಲಿ ಅದ್ದಿಡು ಎಂದು ಅಮ್ಮ ಹೇಳಿದಂತೆ ವಾರಕ್ಕೊಮ್ಮೆ ಮಾಡುತ್ತಿದ್ದೇನೆ. ಎಣ್ಣೆ ಪೂರ್ತಿ ಬಿಡುತ್ತದೆ, ವಾಸನೆಯೂ ಉಳಿಯುವುದಿಲ್ಲ. ಚರಟವನ್ನು ಸಿಂಕಿಗೆ ಸುರಿಯಬಾರದು, ಕೊಳವೆ ಕಟ್ಟಿಕೊಳ್ಳುತ್ತದೆ; ನಮ್ಮಲ್ಲಿ ಅದು ಗೊಬ್ಬರದ ಗುಂಡಿಗೆ ಹೋಗುತ್ತದೆ.

ಕಳೆದ ವಾರ ಭಾವ ಎರಡು ಸಣ್ಣ ಚೀಲ ಕಳಿಸಿದ್ದಾರೆ. ಒಂದರಲ್ಲಿ ಎಂದಿನಂತೆ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್. ಇನ್ನೊಂದರಲ್ಲಿ ಸಿಪ್ಪೆ ಮಾತ್ರ ತೆಗೆದು, ಅಂಟು ಲೋಳೆಯನ್ನು ತೊಳೆಯದೆ ಹಾಗೆಯೇ ಕಣದಲ್ಲಿ ಒಣಗಿಸಿದ ಬೀಜ. ಈ ವಿಧಾನವನ್ನು ಅವರು ಪ್ರಯತ್ನಿಸಿದ್ದು ಇದೇ ಮೊದಲು, ಇಬ್ಬನಿ ಬಿದ್ದ ರಾತ್ರಿಗಳಲ್ಲಿ ಎದ್ದು ಹೋಗಿ ಟಾರ್ಪಾಲು ಹೊದಿಸಿ ಬಂದರೆಂದು ಅಕ್ಕ ಹೇಳಿದಳು. ಎರಡನ್ನೂ ಭಾನುವಾರ ಒಂದೇ ಹದಕ್ಕೆ ಹುರಿದು, ಹೆಸರು ಬರೆದ ಚೀಟಿ ಅಂಟಿಸಿ ಬಾಟಲಿಗಳಲ್ಲಿಟ್ಟಿದ್ದೇನೆ. ಇಂದಿಗೆ ನಾಲ್ಕು ದಿನ. ನಾಳೆ ಬೆಳಿಗ್ಗೆ ಎರಡನ್ನೂ 15 ಗ್ರಾಂಗೆ 225 ಮಿ.ಲೀ. ನೀರಿನಂತೆ ಒಂದಾದ ಮೇಲೊಂದು ಮಾಡಿ, ಕುಡಿದು, ಕಂಡದ್ದನ್ನು ಭಾವನಿಗೆ ಫೋನಿನಲ್ಲಿ ಹೇಳಬೇಕು. ಆರು ಗಂಟೆಗೇ ಕರೆ ಬರುತ್ತದೆಂದು ಅವರು ಕಾದಿರುತ್ತಾರೆ. ಅಮ್ಮ ಆಗಲೇ ಜೋನಿಬೆಲ್ಲದ ಡಬ್ಬವನ್ನು ಕೆಳಗಿಳಿಸಿಟ್ಟಿದ್ದಾರೆ.